ಅಳತೆಗೆ ಯಾರು ಬರುತ್ತಾರೆ

ಮಾರ್ಚ್ 3

ಮಗೂ,

ಫೋನ್ ಬಿಟ್ಟು ಈ ಮುದುಕಿ ಕಾಗದ ಯಾಕೆ ಹಿಡಿದಳು ಅಂದುಕೊಳ್ಳುತ್ತೀಯ. ಫೋನ್ ಮಾಡಿದರೆ ನೀನು ‘ಹೇಳಿ ಅತ್ತೆ’ ಅನ್ನುತ್ತೀಯ, ನಾನು ‘ಏನಿಲ್ಲ ಬಿಡು’ ಅನ್ನುತ್ತೇನೆ, ಆಮೇಲೆ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ನೀನು ಜನವರಿಯಲ್ಲಿ ಹೋದಮೇಲೆ ನಾಲ್ಕು ಸಲ ಹೀಗೇ ಆಯಿತು. ಕಾಗದವಾದರೆ ನೀನು ಸುಮ್ಮನಿದ್ದರೂ ನನ್ನ ಪಾಡಿಗೆ ನಾನು ಬರೆದುಕೊಂಡು ಹೋಗಬಹುದು.

ವಿಷಯಕ್ಕೆ ಬರುತ್ತೇನೆ. ಕಟ್ಟಡದ ಮಾಲೀಕರು ಬಂದಿದ್ದರು. ನಮ್ಮ ಹಾಸಿಗೆ ಅಂಗಡಿಯ ಕರಾರು ಆಗಸ್ಟ್ ಕೊನೆಗೆ ಮುಗಿಯುತ್ತದಂತೆ. ಮುಂದುವರಿಸುತ್ತೀರೋ ಖಾಲಿ ಮಾಡುತ್ತೀರೋ, ಅಷ್ಟರೊಳಗೆ ಹೇಳಿಬಿಡಿ ಅಂದರು. ಪಕ್ಕದ ಮೊಬೈಲ್ ಅಂಗಡಿಯವನು ನಡುವಿನ ಗೋಡೆ ಒಡೆದು ತನ್ನದನ್ನು ದೊಡ್ಡದು ಮಾಡಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾನೆ. ಈಗೀಗ ದಿನಾ ಬೆಳಿಗ್ಗೆ ನನಗೆ ನಗುನಗುತ್ತಾ ನಮಸ್ಕಾರ ಹೇಳುತ್ತಾನೆ. ಮೊದಲು ಹೇಳುತ್ತಿರಲಿಲ್ಲ.

ನನ್ನ ಮಗ, ನಿನ್ನ ಗಂಡ, ಆ ಅಪಘಾತದಲ್ಲಿ ಹೋಗಿ ಆರು ತಿಂಗಳಾಯಿತು. ಈ ಆರು ತಿಂಗಳಲ್ಲಿ ನಾವು ಮಾಡಿದ್ದು ಎರಡೇ ಎರಡು ಹಾಸಿಗೆ, ಎರಡೂ ಹಳೇ ಗಿರಾಕಿಗಳಿಗೆ. ಹತ್ತಿ ಮೂಟೆಗಳು ಸೂರಿನವರೆಗೆ ಪೇರಿಸಿದ ಹಾಗೇ ಇವೆ. ಹೊಲಿಗೆಯಕ್ಕ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂರುತ್ತಾಳೆ, ದಬ್ಬಳಕ್ಕೆ ತುಕ್ಕು ಹಿಡಿಯದಿರಲಿ ಅಂತ ತನ್ನ ಮನೆಯ ಹರಿದ ಚೀಲಗಳನ್ನು ತಂದು ಹೊಲಿಯುತ್ತಾಳೆ. ನಾನು ಅವಳನ್ನು ನೋಡುತ್ತಾ ಕೂರುತ್ತೇನೆ. ಇಬ್ಬರದೂ ಒಳ್ಳೇ ಉದ್ಯೋಗ.

ನೀನು ಆಫೀಸಿನಲ್ಲಿ ಯಾರ್ಯಾರದೋ ವೆಬ್‌ಸೈಟು ಸರಿಮಾಡುತ್ತೀಯಲ್ಲ, ಸುಮ್ಮನೆ ನೋಡಲು ಬಂದವರು ಕೊಂಡೇ ಹೋಗುವ ಹಾಗೆ. ನೀವಿಬ್ಬರೂ ಸೇರಿ ಮಾಡಿದ ನಮ್ಮ ವೆಬ್‌ಸೈಟನ್ನು ಅಂದಿನಿಂದ ಯಾರೂ ಕಣ್ಣೆತ್ತಿ ನೋಡಿಲ್ಲ. ಅದಕ್ಕೊಂದು ದಾರಿ ಮಾಡಿಕೊಡು. ಹೋಗುವಾಗ ನೀನು ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಅದು ಅದರ ಪಾಡಿಗಿರಲಿ. ಇದು ಅಂಗಡಿ ವಿಷಯ.

ಅತ್ತೆ


ಮಾರ್ಚ್ 17

ಅತ್ತೆಯವರಿಗೆ,

ಕಾಗದ ತಲುಪಿತು. ವೆಬ್‌ಸೈಟ್ ನೋಡಿದೆ.

ಫೆಬ್ರವರಿಯಲ್ಲಿ ನಾನೂರ ಹನ್ನೆರಡು ಜನ ಬಂದಿದ್ದಾರೆ. ಬಹುತೇಕ ಎಲ್ಲರೂ ಮೊಬೈಲಿನಿಂದ. ಅವರಲ್ಲಿ ಮುನ್ನೂರು ಜನ ಮೊದಲ ಪುಟ ಪೂರ್ತಿ ತೆರೆದುಕೊಳ್ಳುವ ಮೊದಲೇ ಹೋಗಿದ್ದಾರೆ. ಮೇಲಿನ ಫೋಟೋ ತುಂಬಾ ಭಾರ, ಬರಲು ಒಂಬತ್ತು ಸೆಕೆಂಡ್ ತಗೊಳ್ಳುತ್ತದೆ. ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಕೊನೆಗೆ ಫಾರ್ಮ್ ತುಂಬಿದವರು ಐದು ಜನ. ಆ ಫಾರ್ಮಿನಲ್ಲಿ ಹನ್ನೊಂದು ಪ್ರಶ್ನೆಗಳಿವೆ. ಹೆಸರು, ಫೋನ್ ನಂಬರು, ಮನೆ ಎಲ್ಲಿ, ಇಷ್ಟು ಸಾಕು. ಉಳಿದ ಎಂಟನ್ನು ತೆಗೆಯುತ್ತೇನೆ. ‘ಸಂಪರ್ಕಿಸಿ’ ಎಂಬ ಬಟನ್ ಕೆಳಗೆಲ್ಲೋ ಮೂಲೆಯಲ್ಲಿದೆ, ಬೂದು ಬಣ್ಣದಲ್ಲಿ. ಅದನ್ನು ಮೇಲೆ ತಂದು ‘ಅಳತೆಗೆ ದಿನ ಗೊತ್ತುಮಾಡಿ’ ಎಂದು ಮಾಡುತ್ತೇನೆ.

ಅಂಗಡಿಯ ಹೊಸ ಫೋಟೋಗಳು ಬೇಕು. ಹತ್ತಿ, ಹೊಲಿಗೆ, ಮುಗಿದ ಹಾಸಿಗೆ. ಹೊಲಿಗೆಯಕ್ಕ ತಮ್ಮ ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಸಾಕು. ಒಂದು ಪ್ರಶ್ನೆ. ಫಾರ್ಮ್ ತುಂಬಿದ ಆ ಐವರಿಗೆ ಅಂಗಡಿಯಿಂದ ಯಾರಾದರೂ ಫೋನ್ ಮಾಡಿದರೇ?

ಇಲ್ಲಿ ಎಲ್ಲ ಸರಿಯಾಗಿದೆ. ಬೀಗದ ಕೈ ಮಾಡುವವರ ಅಂಗಡಿಯ ಮೇಲೆ ಒಂದು ಕೋಣೆ. ಕಿಟಕಿ ತೆರೆದರೆ ಎದುರುಮನೆಯ ಗೋಡೆ. ಆಫೀಸಿಗೆ ನಡೆದೇ ಹೋಗುತ್ತೇನೆ, ನಡೆದೇ ಬರುತ್ತೇನೆ.

ಇಂತಿ ನಮಸ್ಕಾರಗಳು


ಏಪ್ರಿಲ್ 2

ಮಗೂ,

‘ಇಂತಿ ನಮಸ್ಕಾರಗಳು’ ಅಂತ ಬರೆದು ಕೆಳಗೆ ಖಾಲಿ ಬಿಟ್ಟಿದ್ದೀಯಲ್ಲ, ಆ ಜಾಗವನ್ನೂ ಮೊಬೈಲ್ ಅಂಗಡಿಯವನಿಗೆ ಕೊಟ್ಟೆಯಾ? ಬ್ಯಾಂಕಿನವರ ಕಾಗದವೇನೋ ಅಂತ ಹೊಲಿಗೆಯಕ್ಕ ಎರಡು ಸಲ ತಿರುಗಿಸಿ ನೋಡಿದಳು. ಏನಾದರೂ ಬರಿ. ನಾನಂತೂ ನಿನ್ನನ್ನು ಸೊಸೆತನದಿಂದ ಬಿಡುಗಡೆ ಮಾಡಿಲ್ಲ.

ಫೋಟೋ ಕಳಿಸಿದ್ದಾಳೆ, ಬಂತಲ್ಲ? ಅವಳು ತೆಗೆಯುವ ಮೊದಲು ಇಡೀ ಅಂಗಡಿ ಗುಡಿಸಿ, ಹತ್ತಿ ಮೂಟೆಗಳ ಧೂಳು ಒರೆಸಿ, ಕೊನೆಗೆ ನನ್ನ ಮುಖವನ್ನೂ ಒರೆಸಲು ಬಂದಳು. ನನ್ನ ಮುಖ ಹಾಕಬೇಡ, ಗಿರಾಕಿ ಬಾಗಿಲಿಂದಲೇ ಓಡಿಹೋಗುತ್ತಾನೆ.

ನೀನು ಕೇಳಿದ್ದಕ್ಕೆ ಉತ್ತರ. ಫಾರ್ಮ್ ತುಂಬಿದವರಿಗೆಲ್ಲ ನಾನೇ ಫೋನ್ ಮಾಡುತ್ತೇನೆ. ಅವತ್ತಿನ ದಿನವೇ ಮಾಡುತ್ತೇನೆ, ನಾಳೆಗೆ ಅಂತ ಇಡುವವಳಲ್ಲ. ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ. ಬೆನ್ನು ನೋವು, ಸೊಂಟ ನೋವು, ಮಗುವಿಗೆ ಬೇರೆ ಮಂಚ ಮಾಡಿಸಿದ್ದೇವೆ, ಹೀಗೆ. ಕೇಳಿಸಿಕೊಳ್ಳುತ್ತೇನೆ. ಆಮೇಲೆ ಬರುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಅವರಿಗೂ ಏನೇನು ಕಷ್ಟವೋ.

ನೀನು ಮಲಗುವುದು ಯಾವುದರ ಮೇಲೆ? ‘ಎಲ್ಲ ಸರಿಯಾಗಿದೆ’ ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ಹಾಸಿಗೆ ಅಂಗಡಿಯ ಸೊಸೆ ಎರಡು ಬೆರಳು ದಪ್ಪದ ಸ್ಪಂಜಿನ ಮೇಲೆ ಮಲಗುತ್ತಿದ್ದಾಳೆ ಅಂತ ಯಾರಿಗಾದರೂ ಗೊತ್ತಾದರೆ ಇರುವ ಎರಡು ಗಿರಾಕಿಗಳೂ ಹೋಗುತ್ತಾರೆ.

ಅತ್ತೆ


ಏಪ್ರಿಲ್ 28

ಅತ್ತೆಗೆ,

ಸ್ಪಂಜಿನ ಮೇಲೆಯೇ. ಎರಡು ಬೆರಳಿಗಿಂತ ಸ್ವಲ್ಪ ದಪ್ಪ. ನಿದ್ದೆ ಬರುತ್ತದೆ. ಬರೀ ನಿದ್ದೆ ಮಾಡುತ್ತೇನೆ ಅನ್ನಿಸುತ್ತದೆ ಒಂದೊಂದು ಸಲ. ಭಾನುವಾರ ಮಧ್ಯಾಹ್ನ ಎದ್ದಾಗ ಇದು ಯಾವ ಊರು, ಯಾವ ಕೋಣೆ ಅಂತ ಹೊಳೆಯುವುದಿಲ್ಲ, ಹೊಳೆದಮೇಲೆ ಏನೂ ಅನ್ನಿಸುವುದಿಲ್ಲ. ದುಃಖ ಕೂಡ ಅಲ್ಲ. ಕಾಲು ಜೋಮು ಹಿಡಿದ ಹಾಗೆ, ಪೂರ್ತಿ ಮೈ.

ಕೆಲಸ ಮುಗಿಸಿದ್ದೇನೆ. ಪುಟ ಈಗ ಎರಡು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಬಟನ್ ಮೇಲಿದೆ, ಕಿತ್ತಳೆ ಬಣ್ಣ. ಫಾರ್ಮಿನಲ್ಲಿ ಮೂರೇ ಪ್ರಶ್ನೆ. ಹೊಲಿಗೆಯಕ್ಕ ದಬ್ಬಳ ಎಳೆಯುತ್ತಿರುವ ಫೋಟೋ ತುಂಬಾ ಚೆನ್ನಾಗಿ ಬಂದಿದೆ, ಅದನ್ನೇ ಮೇಲೆ ಹಾಕಿದ್ದೇನೆ. ನಿಮ್ಮ ಮುಖ ಹಾಕಿಲ್ಲ. ಆ ಫೋಟೋದ ಮೂಲೆಯಲ್ಲಿ ನಿಮ್ಮ ಮೊಣಕೈ ಇದೆ, ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಎಲ್ಲಕ್ಕಿಂತ ಮೇಲಿರುವ ಸಾಲನ್ನು ಮಾತ್ರ ಮುಟ್ಟಿಲ್ಲ. ‘ಅಳತೆಗೆ ಮಾಲೀಕರೇ ನಿಮ್ಮ ಮನೆಗೆ ಬರುತ್ತಾರೆ.’ ಜನ ಅಲ್ಲೇ ನಿಂತು ಓದುತ್ತಾರೆ, ಆಮೇಲೆ ಕೆಳಗಿಳಿಯುತ್ತಾರೆ. ಅಂಕಿ ಅಂಶ ಹಾಗೆ ಹೇಳುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಬದಲಾಯಿಸಬಾರದು ಎಂಬುದು ನಮ್ಮ ಆಫೀಸಿನ ಮೊದಲ ಪಾಠ.

ಈ ತಿಂಗಳು ಫಾರ್ಮ್ ತುಂಬಿದವರು ಹದಿಮೂರು ಜನ. ಐದು ಇದ್ದದ್ದು ಹದಿಮೂರಾಗಿದೆ. ಎಷ್ಟು ಹಾಸಿಗೆಗೆ ಆರ್ಡರ್ ಬಂತು, ತಿಳಿಸಿ.

ಸೊಸೆ


ಮೇ 20

ಮಗೂ,

ಒಂದೂ ಇಲ್ಲ.

ಹದಿಮೂರು ಜನಕ್ಕೂ ಫೋನ್ ಮಾಡಿದೆ. ಗಂಟಲು ಒಣಗುವವರೆಗೆ ಮಾತಾಡಿದೆ. ನಿನ್ನ ಕೆಲಸದಲ್ಲಿ ತಪ್ಪಿಲ್ಲ, ಜನ ಬರುತ್ತಿದ್ದಾರೆ, ಆದರೆ ಬಂದವರು ಬಾಗಿಲಲ್ಲೇ ನಿಂತು ವಾಪಸ್ಸು ಹೋಗುತ್ತಿದ್ದಾರೆ. ಬಟನ್ ಇನ್ನೂ ದೊಡ್ಡದು ಮಾಡಲು ಆಗುತ್ತದಾ?

ಮೊನ್ನೆ ಕಟ್ಟಡದ ಮಾಲೀಕರು ಮೊಬೈಲ್ ಅಂಗಡಿಯವನ ಜೊತೆ ಬಂದು, ನಾನು ಒಳಗೆ ಕೂತಿರುವಾಗಲೇ, ನಡುವಿನ ಗೋಡೆಯನ್ನು ತಟ್ಟಿ ತಟ್ಟಿ ನೋಡಿದರು. ಎಷ್ಟು ದಪ್ಪ ಇದೆ ಅಂತ. ನನಗೆ ಸಿಟ್ಟೇ ಬರಲಿಲ್ಲ, ಅದೇ ಆಶ್ಚರ್ಯ. ಹಿಂದೆಯಾದರೆ ಇಬ್ಬರಿಗೂ ಬಿಸಿ ಮುಟ್ಟಿಸುತ್ತಿದ್ದೆ. ಹೊಲಿಗೆಯಕ್ಕ ಮಾತ್ರ ಅವರು ಹೋದಮೇಲೆ ದಬ್ಬಳ ಕೆಳಗಿಟ್ಟು ಕೇಳಿದಳು, ‘ಪರದೆ ಅಂಗಡಿಯವರು ಕರೀತಿದ್ದಾರೆ ಅಕ್ಕಾ, ಹೋಗ್ಲಾ, ಇರ್ಲಾ? ನೀವು ಇರು ಅಂದ್ರೆ ಇರ್ತೀನಿ, ಸುಮ್ನೆ ಕೂರ್ಸೋದಾದ್ರೆ ಬೇಡ.’ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಆಗಸ್ಟ್‌ವರೆಗೆ ನೋಡೋಣ ಅಂದೆ.

ನೀನು ಜೋಮು ಅಂತ ಬರೆದದ್ದು ಓದಿದೆ. ಎರಡು ಸಲ ಓದಿದೆ. ನನಗೂ ಅದೇ ಕಣೇ. ಬೆಳಿಗ್ಗೆ ಶಟರ್ ಎತ್ತುತ್ತೇನೆ, ಸಂಜೆ ಇಳಿಸುತ್ತೇನೆ, ಊಟ ಮಾಡುತ್ತೇನೆ, ಉಪ್ಪು ಹಾಕಿದ್ದೆನೋ ಇಲ್ಲವೋ ತಿಳಿಯುವುದಿಲ್ಲ. ಅಳು ಬರಲಿಲ್ಲ ನನಗೆ. ಅವತ್ತೂ ಬರಲಿಲ್ಲ, ನೀನು ನೋಡಿದ್ದೀಯ. ಹೆತ್ತವಳಿಗೆ ಅಳು ಬರಲಿಲ್ಲ ಅಂತ ಬಂದವರೆಲ್ಲ ನೋಡಿಕೊಂಡು ಹೋದರು. ಇದನ್ನು ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅತ್ತೆ


ಜೂನ್ 15

ಅತ್ತೆ,

ಬಟನ್ ಇನ್ನು ದೊಡ್ಡದು ಮಾಡಿದರೆ ಹಾಸಿಗೆಯ ಬದಲು ಬಟನ್ ಮಾರಬೇಕಾಗುತ್ತದೆ.

ಬೇರೆ ಪ್ರಯತ್ನಗಳನ್ನು ಮಾಡಿದೆ. ಬಂದವರಲ್ಲಿ ಅರ್ಧ ಜನಕ್ಕೆ ಒಂದು ಪುಟ, ಉಳಿದರ್ಧಕ್ಕೆ ಇನ್ನೊಂದು ಪುಟ ತೋರಿಸಿ ಯಾವುದು ಹೆಚ್ಚು ಕೆಲಸ ಮಾಡುತ್ತದೆ ಎಂದು ನೋಡಿದೆ. ಒಂದರಲ್ಲಿ ಹತ್ತಿಯ ಫೋಟೋ, ಇನ್ನೊಂದರಲ್ಲಿ ಹೊಲಿಗೆಯಕ್ಕ. ಹೊಲಿಗೆಯಕ್ಕ ಗೆದ್ದರು, ಅವರಿಗೆ ಹೇಳಿ. ಹಳೇ ಗಿರಾಕಿಗಳು ಬರೆದ ನಾಲ್ಕು ಒಳ್ಳೆಯ ಮಾತುಗಳನ್ನು ಹಾಕಿದೆ. ಅದರಿಂದಲೂ ಹೆಚ್ಚಾಯಿತು. ಫಾರ್ಮ್ ತುಂಬುವವರ ಸಂಖ್ಯೆ ಈಗ ನಾನು ನೋಡಿದ ಎಷ್ಟೋ ದೊಡ್ಡ ಅಂಗಡಿಗಳಿಗಿಂತ ಮೇಲಿದೆ. ಹೀಗಿದ್ದೂ ಒಂದು ಹಾಸಿಗೆಯೂ ಹೋಗುವುದಿಲ್ಲ ಅಂದರೆ ತೊಂದರೆ ಪುಟದಲ್ಲಿಲ್ಲ, ಪುಟದ ಆಚೆ ಎಲ್ಲೋ ಇದೆ.

ಇಂಥ ಸಂದರ್ಭದಲ್ಲಿ ನಾವು ಮಾಡುವ ಒಂದು ಕೆಲಸವಿದೆ. ವಿಚಾರಿಸಿ ಕೊಳ್ಳದೇ ಹೋದವರಿಗೇ ಬರೆದು ಯಾಕೆ ಕೊಳ್ಳಲಿಲ್ಲ ಎಂದು ಕೇಳುವುದು. ಸೆಪ್ಟೆಂಬರಿನಿಂದ ಇಲ್ಲಿಯವರೆಗೆ ಅಂಥವರು ನಲವತ್ತೊಂದು ಜನ ಇದ್ದಾರೆ. ಎಲ್ಲರಿಗೂ ಅಂಗಡಿಯ ಪರವಾಗಿ ನಾನು ಬರೆಯುತ್ತೇನೆ. ನಿಮ್ಮ ಅಭ್ಯಂತರ ಇಲ್ಲ ತಾನೇ?

ನಿನ್ನೆ ಆಫೀಸಿನಲ್ಲಿ ಪಕ್ಕದ ಮೇಜಿನವರು ನನ್ನ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ಹಾಸಿಗೆ ಅಂಗಡಿ ಇದೆ ಅಂದೆ. ಓ, ಒಳ್ಳೇದು ಅಂದರು. ಅಂಗಡಿ ಇರುವುದು ಸುಳ್ಳಲ್ಲವಲ್ಲ. ಬಂದು ನನ್ನ ಜಾಗದಲ್ಲಿ ಕೂತು ಕೆಲಸ ಮಾಡಿದೆ.

ನಿಮ್ಮ ಸೊಸೆ


ಜುಲೈ 9

ಅತ್ತೆ,

ನನ್ನ ಹಿಂದಿನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಯಾಕೆ ಎಂದು ಈಗ ನನಗೆ ಗೊತ್ತು.

ನಲವತ್ತೊಂದು ಜನಕ್ಕೆ ಮೊಬೈಲಿನಲ್ಲಿ ಬರೆದೆ. ಹದಿನೇಳು ಜನ ಉತ್ತರ ಕೊಟ್ಟರು. ಹದಿನೇಳೂ ಒಂದೇ. ಒಬ್ಬರು ಬರೆದಿದ್ದಾರೆ: ‘ನಾವು ಬೇಡ ಅಂದಿಲ್ಲ. ನಿಮ್ಮ ಅಂಗಡಿಯ ಹಿರಿಯರು ಫೋನ್ ಮಾಡಿದ್ರು. ಮಗ ಬೇರೆ ಅಳತೆಗೆ ಹೋಗಿದಾನೆ, ಮುಂದಿನ ವಾರ ಬರ್ತಾನೆ ಅಂದ್ರು. ಬರಲೇ ಇಲ್ಲ.’ ಇನ್ನೊಬ್ಬರು ಬಸ್ ಓಡಿಸುವವರು, ಸೊಂಟ ಹಿಡಿದುಕೊಂಡಿದೆ. ಮೂರು ಭಾನುವಾರ ಎಲ್ಲೂ ಹೋಗದೆ ಮನೆಯಲ್ಲೇ ಕಾದರಂತೆ. ಮೂರನೇ ಭಾನುವಾರ ಅವರೇ ಅಂಗಡಿಗೆ ಫೋನ್ ಮಾಡಿದರೆ, ‘ಹೊರಟಿದ್ದಾನೆ, ದಾರೀಲಿದ್ದಾನೆ’ ಎಂದು ನೀವು ಹೇಳಿದಿರಂತೆ.

ಅತ್ತೆ, ದಾರಿಯಲ್ಲಿದ್ದಾನೆ ಅಂದಿರಾ?

ನಿಮ್ಮನ್ನು ಬೈಯಬೇಕು ಅಂತಲೇ ಕಾಗದ ತೆಗೆದುಕೊಂಡೆ. ನಾಲ್ಕು ತಿಂಗಳು ನಾನು ಫೋಟೋ ಹಗುರ ಮಾಡಿದೆ, ಬಣ್ಣ ಬದಲಾಯಿಸಿದೆ, ಒಂದೊಂದು ಪದ ಅಳೆದು ಹಾಕಿದೆ, ಜನರನ್ನು ಕೈಹಿಡಿದು ಬಾಗಿಲವರೆಗೆ ತಂದು ಬಿಟ್ಟೆ. ನೀವು ಪ್ರತಿಯೊಬ್ಬರನ್ನೂ ಬಾಗಿಲಲ್ಲಿ ಕೂರಿಸಿ ಬರದವರಿಗಾಗಿ ಕಾಯಿಸಿದಿರಿ. ಹೊಲಿಗೆಯಕ್ಕನನ್ನೂ ಕಾಯಿಸಿದಿರಿ.

ಆದರೆ ಬೈಯುವ ಮೊದಲು ಆ ಬಸ್ಸಿನವರಿಗೆ ಉತ್ತರ ಬರೆಯಬೇಕಿತ್ತು. ಅವರು ಮರ್ಯಾದೆಯಿಂದ ಬರೆದಿದ್ದರು. ನಿಜ ಹೇಳಿ, ಕ್ಷಮೆ ಕೇಳಿ, ಮುಗಿಸಿಬಿಡೋಣ ಅಂತ ಕೂತೆ. ಕೈ ಏನು ಬರೆಯಿತು ಗೊತ್ತೇ? ‘ಕ್ಷಮಿಸಿ, ಅವರು ಊರಲ್ಲಿರಲಿಲ್ಲ. ಮುಂದಿನ ವಾರ ಖಂಡಿತ ಬರುತ್ತಾರೆ.’ ಕಳಿಸಿಯೂ ಬಿಟ್ಟೆ. ಹತ್ತು ನಿಮಿಷದಲ್ಲಿ ಅವರ ಉತ್ತರ ಬಂತು, ‘ಆಯ್ತು, ಕಾಯ್ತೀನಿ.’

ಇನ್ನೊಂದು ವಿಷಯ ಹೇಳಬೇಕು. ಮೇಲಿನ ಆ ಸಾಲು, ಮಾಲೀಕರೇ ಮನೆಗೆ ಬರುತ್ತಾರೆ ಅನ್ನುವುದು, ಅದನ್ನು ಬರೆದವಳು ನಾನು. ಎರಡು ವರ್ಷದ ಹಿಂದೆ. ಇವರಿಗೆ ಇಷ್ಟವಿರಲಿಲ್ಲ, ಊರೆಲ್ಲ ಸುತ್ತಲು ನನ್ನಿಂದಾಗುತ್ತಾ ಅಂದರು. ನಾನೇ ಹಟ ಮಾಡಿದೆ. ಆ ಒಂದು ಸಾಲಿನಿಂದ ಗಿರಾಕಿಗಳು ದುಪ್ಪಟ್ಟಾದರು, ಹೊಸ ಕೆಲಸಕ್ಕೆ ಸೇರುವಾಗ ಅದನ್ನೇ ಉದಾಹರಣೆಯಾಗಿ ತೋರಿಸಿದ್ದೆ. ಸೆಪ್ಟೆಂಬರಿನ ಆ ಗುರುವಾರ ಅವರು ಹೊರಟಿದ್ದೂ ಆ ಸಾಲನ್ನು ಓದಿ ಕರೆದವರ ಮನೆಗೇ. ವಿಳಾಸ ಚೀಟಿಯಲ್ಲಿ ಬರೆದುಕೊಟ್ಟವಳೂ ನಾನು. ಅಳತೆ ಮುಗಿಸಿ ವಾಪಸ್ಸು ಬರುವಾಗ ಆ ವ್ಯಾನು ಗುದ್ದಿತು.

ಜನವರಿಯಲ್ಲಿ ನೀವು ಹತ್ತಿ ಮೂಟೆಗಳ ಹತ್ತಿರ ನಿಂತು, ‘ಅವತ್ತೊಂದು ದಿನ ಹೋಗದೇ ಇದ್ದಿದ್ರೆ ಏನು ಗಂಟು ಹೋಗ್ತಿತ್ತು’ ಅಂದಿರಿ. ನನ್ನ ಮುಖ ನೋಡಿ ಹೇಳಲಿಲ್ಲ. ನಾನು ಮನೆಗೆ ಹೋಗಿ ನನ್ನ ಬಟ್ಟೆ ಮಡಚಲು ಶುರುಮಾಡಿದೆ.

ಸೊಸೆ


ಜುಲೈ 24

ಮಗೂ,

ಹೌದು, ಹೇಳಿದೆ. ದಾರಿಯಲ್ಲಿದ್ದಾನೆ ಅಂತಲೂ ಹೇಳಿದೆ.

ಮೊದಲ ಸಲ ಬೇಕೆಂದು ಹೇಳಲಿಲ್ಲ. ಅವನು ಹೋಗಿ ಎರಡು ವಾರ ಆಗಿತ್ತು, ನೀನು ಒಳಗೆ ಮಲಗಿದ್ದೆ, ಫೋನ್ ಬಂತು, ಯಾರೋ ಹೆಂಗಸು, ಅಳತೆಗೆ ಅವರು ಯಾವಾಗ ಬರ್ತಾರೆ ಅಂತ ಕೇಳಿದಳು. ಬಾಯಿ ತೆರೆದರೆ ಬಂದದ್ದು, ಬೇರೆ ಅಳತೆಗೆ ಹೋಗಿದ್ದಾನೆ ಅನ್ನುವ ಮಾತು. ಆಕೆ ಸರಿ ಅಂದು ಇಟ್ಟಳು. ಇಟ್ಟಮೇಲೆ ನನಗೆ ಏನಾಯಿತು ಹೇಳಲಾ? ಹಾಯೆನಿಸಿತು. ಆ ಹೆಂಗಸಿನ ಮಟ್ಟಿಗೆ ಅವನು ಯಾವುದೋ ಮನೆಯಲ್ಲಿ ಮಂಚದ ಪಕ್ಕ ಮಂಡಿಯೂರಿ ಕೂತು ಟೇಪು ಹಿಡಿದಿದ್ದ. ಇನ್ನೊಂದು ಫೋನ್ ಬಂತು, ಅವರಿಗೂ ಹಾಗೇ ಹೇಳಿದೆ. ನೀನು ಜನರನ್ನು ತಂದು ತಂದು ಬಿಟ್ಟೆ, ನಾನು ಎಲ್ಲರಿಗೂ ಅವನನ್ನು ಕಳಿಸಿಕೊಟ್ಟೆ. ನಲವತ್ತೊಂದು ಮನೆಗಳಲ್ಲಿ ಅವನು ಇನ್ನೂ ಬರುವವನಾಗಿದ್ದ ಕಣೇ. ನಮ್ಮ ಮನೆಯೊಂದರಲ್ಲೇ ಇಲ್ಲ.

ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ಶಟರ್ ಇಳಿಸುವಾಗ ಎಲ್ಲ ಗೊತ್ತಿರುತ್ತಿತ್ತು.

ಹತ್ತಿ ಮೂಟೆಗಳ ಹತ್ತಿರ ಆಡಿದ ಮಾತಿನ ವಿಷಯ. ಅದು ನಿನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು ಅಂತ ಬರೆಯಲು ಹೊರಟಿದ್ದೆ. ಪೂರ್ತಿ ಗೋಡೆಗಲ್ಲ. ಅರ್ಧ ನಿನಗೂ ಇತ್ತು. ಯಾರನ್ನಾದರೂ ಬೈಯಬೇಕಿತ್ತು, ವ್ಯಾನಿನವನ ಮುಖ ನಾನು ನೋಡಿರಲಿಲ್ಲ, ಮನೆಯಲ್ಲಿ ಇದ್ದವಳು ನೀನು. ನಿನ್ನ ಸಾಲಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಊರು ಸುತ್ತೋದು ಕಷ್ಟ ಅಂತ ಅವನು ಗೊಣಗಿದ್ದು ಮೊದಲ ವಾರ ಮಾತ್ರ. ಆಮೇಲೆ ಸಂಜೆ ಬಂದು ಯಾರ ಮನೆ ಹೇಗಿತ್ತು, ಯಾರು ಟೀ ಕೊಟ್ಟರು, ಯಾರ ನಾಯಿ ಮಂಚ ಬಿಟ್ಟು ಇಳಿಯಲಿಲ್ಲ ಅಂತ ಗಂಟೆಗಟ್ಟಲೆ ಹೇಳುತ್ತಿದ್ದನಲ್ಲ, ಮರೆತೆಯಾ? ಅಂಗಡಿಯೊಳಗೆ ಹುಟ್ಟಿ ಅಂಗಡಿಯೊಳಗೆ ಬೆಳೆದವನನ್ನು ಆಚೆ ಕಳಿಸಿದವಳು ನೀನು. ಅದು ಅವನಿಗೆ ಹಿಡಿಸಿತ್ತು. ನಾನು ಆ ಮಾತು ಆಡಬಾರದಿತ್ತು. ತಪ್ಪಾಯಿತು.

ಆ ಬಸ್ಸಿನವರಿಗೆ ನೀನು ಇನ್ನು ಏನೂ ಬರೆಯಬೇಡ. ಅವರ ನಂಬರು ಕಳಿಸು, ಹಳೇ ಚೀಟಿಗಳಲ್ಲಿ ಯಾವುದು ಯಾರದು ಅಂತ ನನಗೆ ತಿಳಿಯುತ್ತಿಲ್ಲ. ಹೆತ್ತವಳು ನಾನು, ನಾನೇ ಹೇಳುತ್ತೇನೆ.

ಅತ್ತೆ


ಆಗಸ್ಟ್ 1

ಅತ್ತೆ,

ನಂಬರು ಬೇರೆ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ.

ಆ ಸಾಲು ತೆಗೆದಿದ್ದೇನೆ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ತೆಗೆದೆ. ತೆಗೆಯಲು ಒಂದು ಸೆಕೆಂಡೂ ಬೇಕಾಗಲಿಲ್ಲ. ಈಗ ಹೊಲಿಗೆಯಕ್ಕನ ಫೋಟೋ ಇದೆ, ಕಿತ್ತಳೆ ಬಟನ್ ಇದೆ, ಮೇಲೆ ಬರೀ ಬಿಳಿ ಜಾಗ. ಅಲ್ಲಿ ಏನಾದರೂ ಇರಬೇಕು, ಇಲ್ಲದಿದ್ದರೆ ಪುಟ ಅರ್ಧ ಕಟ್ಟಿ ಬಿಟ್ಟ ಹಾಗೆ ಕಾಣುತ್ತದೆ. ಆರು ವರ್ಷದಿಂದ ಇದೇ ನನ್ನ ಕೆಲಸ, ಒಂದು ಸಾಲು ಹೊಳೆಯುತ್ತಿಲ್ಲ.

ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ ಇನ್ನೂ ಹೇಳಿಲ್ಲ. ಅವರು ಅವರ ಮನೆಗೆ ಹಾಸಿಗೆ ಬೇಕು, ನಿಮ್ಮ ಯಜಮಾನರ ನಂಬರು ಕೊಡಿ ಅನ್ನುತ್ತಿದ್ದಾರೆ. ನಾಳೆ ಕೊಡುತ್ತೇನೆ ಅಂದಿದ್ದೇನೆ.

ನಿಮ್ಮ ಸೊಸೆ


ಆಗಸ್ಟ್ 19

ಮಗೂ,

ಮೊದಲು ಅಂಗಡಿ ವಿಷಯ. ಇನ್ನೊಂದು ವರ್ಷ ಇರುತ್ತೇವೆ ಅಂತ ಮಾಲೀಕರಿಗೆ ಹೇಳಿ ಸಹಿ ಹಾಕಿದೆ. ಮೊಬೈಲ್ ಅಂಗಡಿಯವನು ಇವತ್ತು ನಮಸ್ಕಾರ ಹೇಳಲಿಲ್ಲ. ನಾನು ಕಾಯಿಸಿದವರಲ್ಲೇ ಆರು ಜನ ಹಾಸಿಗೆಗೆ ಆರ್ಡರ್ ಕೊಟ್ಟಿದ್ದಾರೆ, ಹೊಲಿಗೆಯಕ್ಕನಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ವರ್ಷ ಪೂರ್ತಿ ಹೀಗೇ ಇರುತ್ತದೆ ಅಂತ ನಾನು ಹೇಳಲಾರೆ. ಸಹಿ ಹಾಕಿದ್ದಂತೂ ಹಾಕಿದ್ದೇನೆ.

ಆ ಬಿಳಿ ಜಾಗದಲ್ಲಿ ಹೀಗೆ ಬರಿ: ‘ಅಳತೆ ತೆಗೆಯುತ್ತಿದ್ದ ನನ್ನ ಮಗ ತೀರಿಕೊಂಡ. ಈಗ ನಾನೇ ಬರುತ್ತೇನೆ. ಮೆಟ್ಟಿಲು ಜಾಸ್ತಿ ಇದ್ದರೆ ಮೊದಲೇ ತಿಳಿಸಿ.’ ಇದಕ್ಕೆ ಜನ ನಿಲ್ಲುತ್ತಾರೋ ಓಡುತ್ತಾರೋ ನಿನ್ನ ಅಂಕಿಗಳನ್ನು ಕೇಳಬೇಡ. ಹಾಕು. ನಿನ್ನ ಪಕ್ಕದ ಮೇಜಿನವರಿಗೂ ಆ ಪುಟವನ್ನೇ ತೋರಿಸು. ಬಾಯಿಬಿಟ್ಟು ಹೇಳಲು ಆಗದಿದ್ದರೆ ಅವರೇ ಓದಿಕೊಳ್ಳಲಿ.

ಇನ್ನು ಬಸ್ಸಿನವರದು. ಫೋನ್ ಹಿಡಿದು ಅರ್ಧ ಗಂಟೆ ಕೂತಿದ್ದೆ. ಹೊಲಿಗೆಯಕ್ಕ ಹಲ್ಲು ಕಚ್ಚಿಕೊಂಡು ದಾರ ಏರಿಸುತ್ತಿದ್ದಳು, ಏರುತ್ತಿರಲಿಲ್ಲ. ಕೊನೆಗೆ ಮಾಡಿದೆ. ‘ಹಾಸಿಗೆ ಅಂಗಡಿಯಿಂದ. ನಾನು ನಿಮಗೆ ಸುಳ್ಳು ಹೇಳಿದ್ದೆ. ನನ್ನ ಮಗ ಹೋದ ಸೆಪ್ಟೆಂಬರಿನಲ್ಲೇ ತೀರಿಹೋದ. ಅವನು ಬರಲ್ಲ’ ಅಂದೆ. ಫೋನ್ ಇಟ್ಟೇಬಿಡುತ್ತಾರೆ ಅಂದುಕೊಂಡೆ. ಅವರು ಕೇಳಿದರು, ‘ಅಮ್ಮಾ, ನಮ್ದು ಮೂರನೇ ಮಹಡಿ, ಲಿಫ್ಟಿಲ್ಲ. ನಿಮ್ಗೆ ಹತ್ತೋಕಾಗುತ್ತಾ?’

ಅಷ್ಟೇ ಕೇಳಿದ್ದು. ನಾನು ಹನ್ನೊಂದು ತಿಂಗಳು ಹೆದರಿದ್ದು ಇದಕ್ಕೆ.

ಭಾನುವಾರ ಹೋದೆ. ಟೇಪು ಹಿಡಿಯಲು ಹೊಲಿಗೆಯಕ್ಕನೂ ಬಂದಳು. ಪ್ರತಿ ಮಹಡಿಯಲ್ಲೂ ಇಬ್ಬರು ಮುದುಕಿಯರು ಕಂಬಿ ಹಿಡಿದು ಏದುಸಿರು ಬಿಡುವುದನ್ನು ನೋಡಿ ಒಂದು ಮನೆಯವರು ಕುರ್ಚಿ ತಂದಿಟ್ಟರು. ಬಸ್ಸಿನವರು ಬಾಗಿಲು ತೆಗೆದುಕೊಂಡು ಕಾಯುತ್ತಿದ್ದರು. ಐವತ್ತರ ಆಸುಪಾಸು, ಒಂಟಿ ಮನುಷ್ಯ, ಕೋಣೆ ತುಂಬಾ ಒಪ್ಪವಾಗಿತ್ತು. ಮಂಚದ ಉದ್ದ ಅಗಲ ತೆಗೆದೆವು. ಆಮೇಲೆ ಸೊಂಟದ ಅಳತೆ. ಅದನ್ನು ಟೇಪಿನಿಂದ ತೆಗೆಯುವುದಿಲ್ಲ, ನನ್ನ ಅಪ್ಪ ನನಗೆ ಕಲಿಸಿದ್ದು, ನಾನು ಮಗನಿಗೆ ಕಲಿಸಿದ್ದು. ಗಿರಾಕಿಯನ್ನು ಅಂಗಾತ ಮಲಗಿಸಿ, ಸೊಂಟದ ಕೆಳಗೆ ಅಂಗೈ ತೂರಿಸಿ, ಎಷ್ಟು ಬೆರಳು ಸಂದು ಇದೆ ಅಂತ ನೋಡಬೇಕು. ಅಷ್ಟು ಹತ್ತಿ ಅಲ್ಲಿ ಹೆಚ್ಚಿಗೆ ತುಂಬಬೇಕು.

ಅವರು ಮಲಗಿದರು. ನಾನು ಪಕ್ಕದಲ್ಲಿ ಮಂಡಿಯೂರಿ ಕೈ ತೂರಿಸಿದೆ. ಅಂಗಿಯ ಮೇಲಿಂದಲೂ ಬೆನ್ನು ಬೆಚ್ಚಗಿತ್ತು, ಉಸಿರಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಆಗ ನನಗೆ ಗೊತ್ತಾಯಿತು, ಅವತ್ತು ಆಸ್ಪತ್ರೆಯಲ್ಲಿ ಅವನ ಬೆನ್ನಿನ ಕೆಳಗೆ ಕೈ ಇಟ್ಟವಳು ಆಮೇಲೆ ಯಾರನ್ನೂ ಮುಟ್ಟಿಲ್ಲ. ನಿನ್ನನ್ನೂ ಮುಟ್ಟಲಿಲ್ಲ, ನೀನು ಹೊರಟು ನಿಂತಾಗಲೂ.

‘ಎಷ್ಟಿದೆ ಅಮ್ಮಾ?’ ಅಂತ ಕೇಳಿದರು. ‘ಎರಡು ಬೆರಳು’ ಅಂದೆ. ಹೊಲಿಗೆಯಕ್ಕ ಬರೆದುಕೊಂಡಳು. ಕೈ ತೆಗೆಯಬೇಕಿತ್ತು, ತೆಗೆಯಲಾಗಲಿಲ್ಲ. ಅಲ್ಲೇ, ಮಂಚದ ಅಂಚಿಗೆ ಹಣೆ ಒತ್ತಿಕೊಂಡು ಅತ್ತುಬಿಟ್ಟೆ ಕಣೇ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ. ಎಷ್ಟು ಹೊತ್ತು ಅಂತ ನನಗೆ ತಿಳಿಯದು. ಅವರು ಏಳಲಿಲ್ಲ. ಆ ಹಿಡಿದುಕೊಂಡ ಸೊಂಟದಲ್ಲೇ, ನಾನು ಅತ್ತು ಮುಗಿಸುವವರೆಗೂ, ಅಲುಗಾಡದೆ ಮಲಗಿದ್ದರು.

ನಿನ್ನ
ಅತ್ತೆ